ಮಾತಾಡುವ ಕತ್ತಿ ಸತ್ತ ಮೇಲೆ

ಜನವರಿ ೬, ೨೦೨೫, ಸೋಮವಾರ. ಶಿಕಾರಿಪುರ

ರಂಗಕ್ಕೆ ಬಂದ ಪಾತ್ರ ತನ್ನ ಹೆಸರು ಹೇಳದೆ ಮಾತು ಶುರು ಮಾಡಬಾರದು. ಅದು ನಮ್ಮ ಕಂಪನಿಯ ಮೊದಲ ಪಾಠ. ಆದ್ದರಿಂದ, ಎಲೈ ಖಾಲಿ ಹಾಳೆಯೇ, ಕೇಳು. ನಾನು ನೀಲಾಂಬಿಕ. ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ಬೆಳೆದು, ಮೀಸೆ ಅಂಟಿಸಿಕೊಂಡು ರಾಜಪಾತ್ರ ಮಾಡಿ, ಮೈಕಿಲ್ಲದೆ ಕೊನೆಯ ಸಾಲಿನವನ ಬಾಯಿಂದ ಬೀಡಿ ಉದುರಿಸಿದವಳು. ಈಗ ಚಹಾ ಬೇಕಾದರೆ ಸ್ಲೇಟಿನ ಮೇಲೆ "ಚಹಾ" ಎಂದು ಬರೆದು ಎತ್ತಿ ಹಿಡಿಯುತ್ತಿದ್ದೇನೆ.

ಶಿವಮೊಗ್ಗದ ಗಂಟಲಿನ ಡಾಕ್ಟರು ಶುಕ್ರವಾರ ನನ್ನ ಗಂಟಲೊಳಗಿನ ಗಂಟು ತೆಗೆದ. ಮುಂದಿನ ತಪಾಸಣೆಯವರೆಗೆ ಮಾತು ನಿಷಿದ್ಧ. ಪಿಸುಮಾತೂ ಕೂಡದಂತೆ; ಪಿಸುಗುಟ್ಟಿದರೆ ಇನ್ನೂ ಕೆಡುತ್ತದಂತೆ. ನನಗೆ ಪಿಸುಮಾತಿನ ಎಚ್ಚರಿಕೆ ಕೊಡುತ್ತಾನೆ, ಆ ಎಳಸು. ಸ್ವಗತವನ್ನೂ ಮೂರು ಬೀದಿಗೆ ಕೇಳಿಸಿದವಳು ನಾನು. ಹೊಟ್ಟೆಯಲ್ಲಿ ಕಟ್ಟಿಕೊಂಡ ಮಾತನ್ನು ಎಲ್ಲಾದರೂ ಸುರಿಯಬೇಕಲ್ಲ, ಅದಕ್ಕೆ ಈ ಬರವಣಿಗೆ.

ಇಷ್ಟಕ್ಕೂ ಕಾರಣ ಒಂದು ಕತ್ತಿಯ ಸಾವು.

ನನ್ನ ತಂಗಿಯ ಮಗಳು ತೃಪ್ತಿ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ, ನನ್ನ ಮನೆಯಲ್ಲೇ ಇರುತ್ತಾಳೆ. ಭಾನುವಾರ ಬಂತೆಂದರೆ ಸೊರಬದಿಂದ ಇಬ್ಬರು ಬೈಕ್ ಹತ್ತಿ ಬರುತ್ತಾರೆ. ಒಬ್ಬ ನಿರಂಜನ, ದನದ ಡಾಕ್ಟರು. ಇನ್ನೊಬ್ಬ ಗುತ್ಯಪ್ಪ, ಕರೆಂಟಿನ ಲೈನ್‌ಮನ್. ಮೂವರೂ ನನ್ನ ಊಟದ ಮೇಜಿನ ಸುತ್ತ ಕೂತು ಮಂಡಕ್ಕಿ ತಿನ್ನುತ್ತಾ ಒಂದು ಆಟ ಆಡುತ್ತಾರೆ. ತೃಪ್ತಿ ಕಥೆ ಹೇಳುತ್ತಾಳೆ; ಕಾಡು, ಕೋಟೆ, ರಾಕ್ಷಸರು ಎಲ್ಲ ಅವಳ ಬಾಯಲ್ಲಿ. ನಿರಂಜನ ವೀರ, ಗುತ್ಯಪ್ಪ ಮಾಂತ್ರಿಕ. ಬಣ್ಣವಿಲ್ಲ, ವೇಷವಿಲ್ಲ, ಹಾರ್ಮೋನಿಯಂ ಇಲ್ಲ. ವೀರನ ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ಉರುಳಿ ಹೇಳಬೇಕು. ಕಂಠಪಾಠ ಎಂಬುದೇ ಇಲ್ಲ, ಬಾಯಿಗೆ ಬಂದದ್ದೇ ಸಂಭಾಷಣೆ. ತೃಪ್ತಿಯನ್ನು ಇವರು "ಮಾಸ್ಟರ್" ಅನ್ನುತ್ತಾರೆ. ನಮ್ಮ ಕಂಪನಿಯ ಮಾಸ್ಟರ್ ಎದುರು ಬಂದರೆ ರಾಜಪಾತ್ರದವರೂ ಚಪ್ಪಲಿ ಕಳಚುತ್ತಿದ್ದರು. ಈ ಮಾಸ್ಟರ್ ನೈಟಿಯಲ್ಲಿ ಕೂತಿರುತ್ತಾಳೆ.

ಹೋದ ವರ್ಷ ನಿರಂಜನನ ವೀರನಿಗೆ ಒಂದು ಮಾಯಾಕತ್ತಿ ಸಿಕ್ಕಿತು. ಅದಕ್ಕೆ ಬುದ್ಧಿಯಿದೆ, ಸ್ವಭಾವವಿದೆ, ಮಾತೂ ಬರುತ್ತದೆ. ಆ ಮಾತನ್ನು ತೃಪ್ತಿ ಆಡಿದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ಕುಕ್ಕರಿನಲ್ಲಿ ನೀರು ಬತ್ತಿದ ಹಾಗಿತ್ತು. ಸೌಟು ಹಿಡಿದೇ ಹೊರಗೆ ಬಂದು, ಕತ್ತಿ ಬಾಯಿ ಬಿಟ್ಟರೆ ಹೇಗಿರುತ್ತದೆ ಎಂದು ಒಂದು ಸಲ ಗುಡುಗಿ ತೋರಿಸಿದೆ. ಗುತ್ಯಪ್ಪನ ಕೈಯ ಮಂಡಕ್ಕಿ ಚೆಲ್ಲಿತು. ಅಂದಿನಿಂದ ಕತ್ತಿಯ ಪಾತ್ರ ನನ್ನದು. ಹೆಸರನ್ನೂ ನಾನೇ ಇಟ್ಟೆ: ಚಂಡಜಿಹ್ವೆ. ಆಟದ ಮೇಲಿನ ಮೋಹದಿಂದಲ್ಲ. ಒಳ್ಳೆಯ ಪಾತ್ರವೊಂದು ಅನಾಥವಾಗಿ ಬಿದ್ದಿರುವುದನ್ನು ನೋಡಲಾರದೆ.

ಡಿಸೆಂಬರಿನ ಕೊನೆಯ ಭಾನುವಾರ ಸೇತುವೆಯ ಮೇಲೆ ಕಲ್ಲುದೈತ್ಯನ ಗದೆ ಚಂಡಜಿಹ್ವೆಗೆ ಬಡಿಯಿತು. ದಾಳ ಉರುಳಿತು. ತೃಪ್ತಿ ಏನೋ ಹೇಳಲು ಬಾಯಿ ತೆರೆದಳು. ನಾನು ಕಾಯಲಿಲ್ಲ. ಸಾವಿನ ಸನ್ನಿವೇಶ ಕಣ್ಣೆದುರು ಬಂದು ನಿಂತಾಗ ಕಾಯುವವಳು ನಟಿಯಲ್ಲ. ಎದ್ದು ನಿಂತೆ. ಒಡೆಯನಿಗೆ ವಿದಾಯ, ಶತ್ರುವಿಗೆ ಶಾಪ, ಭೂಮಿಗೆ ನಮಸ್ಕಾರ, ಎಲ್ಲವನ್ನೂ ಏರುದನಿಯಲ್ಲಿ ಹೇಳಿ ಚೂರುಚೂರಾಗಿ ಮೇಜಿನ ಮೇಲೆ ಬಿದ್ದೆ. ಕೊನೆಯ ಕೂಗಿನಲ್ಲಿ ಗಂಟಲೊಳಗೆ ಏನೋ ಹರಿದ ಹಾಗಾಯಿತು. ಮೂವರೂ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನಿಂದ ಒಂದಕ್ಷರ ಹೊರಡಲಿಲ್ಲ.

ಕತ್ತಿ ಹೋಯಿತು, ದನಿ ಹೋಯಿತು. ಕತ್ತಿಯನ್ನು ಕೊಂದವಳು ಕಣ್ಣು ತಪ್ಪಿಸುತ್ತಾ ನನಗೆ ಗಂಜಿ ಬಡಿಸುತ್ತಿದ್ದಾಳೆ.

ಜನವರಿ ೧೨, ಭಾನುವಾರ

ಕತ್ತಿಯಿಲ್ಲದ ಮೊದಲ ಆಟ. ನನ್ನ ಕುರ್ಚಿಯನ್ನು ಮೇಜಿನಿಂದ ಗೋಡೆಯ ಪಕ್ಕಕ್ಕೆ ಎಳೆದುಕೊಂಡೆ. ಸತ್ತ ಪಾತ್ರ ರಂಗದ ಮೇಲೆ ಕೂರಬಾರದು. ಒಳಗೆ ಹೋಗಿ ಮಲಗಬಹುದಿತ್ತು, ಆದರೆ ನನ್ನ ಮನೆಯಲ್ಲಿ ನಾನೇಕೆ ಮಲಗಲಿ.

"ಚೂರೆಲ್ಲ ಆರಿಸಿ ಚೀಲದಲ್ಲಿ ಕಟ್ಟಿಟ್ಕಂಡಿದೀನಿ," ಎಂದ ನಿರಂಜನ. ಇವನ ದನಿಯ ವಿಚಾರ ಬರೆಯಲೇಬೇಕು. ಪಾತ್ರವೋ ವೀರನದು, ದನಿಯೋ, ಪಕ್ಕದಲ್ಲಿ ನಿಂತ ಎಮ್ಮೆಗೂ ಕೇಳಿಸದು. "ಸರಿ ಮಾಡೋಕೆ ಏನಾದ್ರೂ ದಾರಿ ಇದ್ದೇ ಇರ್ತದೆ."

"ಬೆಸುಗೆ ಹಾಕಿದ್ರಾತು ಮಾರಾಯ," ಎಂದ ಗುತ್ಯಪ್ಪ. "ಮುರಿದಿದ್ದು ಕೂಡಿಸೋ ಮಂತ್ರ ನನ್ನ ಹತ್ರನೇ ಇದೆ."

"ಕಬ್ಬಿಣ ಕೂಡ್ತದೆ ಗುತ್ಯಣ್ಣ, ಒಳಗಿನ ಜೀವ ಕೂಡಲ್ಲ," ಎಂದಳು ತೃಪ್ತಿ. ಆಟಕ್ಕೊಂದು ನಿಯಮದ ಪುಸ್ತಕವಿದೆ, ಇಟ್ಟಿಗೆ ಗಾತ್ರದ್ದು. ಅದನ್ನು ತಟ್ಟಿ ತೋರಿಸಿದಳು. "ಬುದ್ಧಿ ಇರೋ ಮಾಯಾವಸ್ತು ನಾಶ ಆದ್ರೆ ಅದರ ಬುದ್ಧಿನೂ ಜೊತೆಗೇ ಹೋಗ್ತದೆ ಅಂತ ಐತಿ ಇದರಾಗೆ."

"ಹಂಗಾರೆ ದೇವರ ಹತ್ರ ವರ ಕೇಳಣ."

"ವರ ಕೇಳೋ ಮಾಂತ್ರಿಕ ಆಗ್ಬೇಕಂದ್ರೆ ನೀನು ಇನ್ನೂ ಎಷ್ಟೋ ವರ್ಷ ಆಡ್ಬೇಕು. ಈಗ ನಿಂಗೆ ಬರೋದು ದೀಪ ಹಚ್ಚೋದು, ದೀಪ ಆರಿಸೋದು."

"ಅದನ್ನ ನಾನು ಸರ್ಕಾರಿ ಸಂಬಳಕ್ಕೂ ಮಾಡ್ತೀನಿ ಬಿಡು."

ಇವರ ಕಥೆಯ ದರಿದ್ರ ನೋಡು. ಸತ್ತವರನ್ನು ಎಬ್ಬಿಸಲು ಪುಸ್ತಕ ತಿರುವಬೇಕು. ನಮ್ಮ ರಂಗದಲ್ಲಿ ನಾನು ರಾಜನಾಗಿ ಎದೆಗೆ ಬಾಣ ನೆಟ್ಟುಕೊಂಡು, ಸಾಯುವ ಪದ ಹಾಡಿ, ಧೊಪ್ಪನೆ ಬೀಳುತ್ತಿದ್ದೆ. ಜನ "ವನ್ಸ್ ಮೋರ್" ಎಂದು ಕೂಗುತ್ತಿದ್ದರು. ಎದ್ದು, ಮಣ್ಣು ಕೊಡವಿ, ಬಾಣ ಸರಿಮಾಡಿಕೊಂಡು, ಅದೇ ಪದ ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದೆ. ತೊಗರ್ಸಿಯಲ್ಲಿ ಒಂದು ಸಲ ನನ್ನನ್ನು ಕೊಂದವನೇ ರೋಸಿಹೋಗಿ ನೀರು ಕುಡಿಯಲು ಒಳಗೆ ಹೋದ. ಹೆಣ ಏಳಲು ಬೇಕಾದದ್ದು ಮಂತ್ರವಲ್ಲ, ಕೇಳುವ ಜನ.

ಇದನ್ನೆಲ್ಲ ಹೇಳಬೇಕೆಂದು ಸ್ಲೇಟು ಎತ್ತಿಕೊಂಡೆ. "ನಮ್ಮ ರಂಗದಲ್ಲಿ" ಎಂದು ಬರೆಯುವಷ್ಟರಲ್ಲಿ ಅವರು ಮುಂದಿನ ಊರು ತಲುಪಿದ್ದರು.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಳ್ಳುಬೆಲ್ಲ ಬೀರಲು ಬಂದವರೆಲ್ಲ ನನ್ನ ಮೌನವನ್ನು ಹೊಗಳಿದರು. ಹೊಗಳಿದವರ ಹೆಸರು ನೆನಪಿಟ್ಟುಕೊಂಡಿದ್ದೇನೆ.

ಜನವರಿ ೧೭, ಶುಕ್ರವಾರ

ತರಕಾರಿಗೆ ಹೋಗಿದ್ದೆ. ಬಾಯಿಲ್ಲದವಳಿಗೆ ಕಿವಿಯೂ ಇಲ್ಲವೆಂದು ಈ ಊರು ತೀರ್ಮಾನಿಸಿದೆ. ಸ್ಲೇಟು ನೋಡಿದ ತಕ್ಷಣ ಬದನೆಕಾಯಿಯವನು ನನ್ನ ಕಿವಿಗೆ ಬಾಯಿ ಹಚ್ಚಿ, "ಎಷ್ಟ್ ಕೆಜಿ ಅಮ್ಮೋ" ಎಂದು ಕಿರುಚಿದ. ಉಸಿರು ಹೊಟ್ಟೆಯಿಂದ ಬಂದಿರಲಿಲ್ಲ, ಬರೀ ಗಂಟಲಿನ ಕಿರುಚಾಟ. ನಾಳೆ ಇವನ ಗಂಟಲಲ್ಲೂ ಗಂಟಾಗುತ್ತದೆ. ಹಾಗೆಂದು ಬರೆದು ತೋರಿಸಿದೆ. ಶಾಪ ಹಾಕಿದೆನೆಂದು ತಿಳಿದು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿದ.

ಜನವರಿ ೧೯, ಭಾನುವಾರ

ಗುತ್ಯಪ್ಪ ಮಂತ್ರ ಹಾಕಿ ದಾಳ ಉರುಳಿಸಿದ. ಚೂರುಗಳು ಕೂಡಿದವು. ಗೆರೆಯೂ ಕಾಣದ ಹಾಗೆ ಅಖಂಡ ಕತ್ತಿ.

ನಿರಂಜನ ಮುಂದೆ ಬಾಗಿದ. "ಚಂಡಜಿಹ್ವೆ, ಕೇಳ್ತಿದ್ಯಾ?"

ತೃಪ್ತಿ ನನ್ನತ್ತ ನೋಡಿದಳು. ನಾನು ಜಂತಿ ನೋಡಿದೆ.

"ಕತ್ತಿ ಏನೂ ಹೇಳಲ್ಲ," ಎಂದಳು ತೃಪ್ತಿ. "ಈಗ ಅದು ಬರೀ ಕತ್ತಿ."

ಗುತ್ಯಪ್ಪ ಇದನ್ನು ಮೊದಲೇ ಊಹಿಸಿದ್ದನಂತೆ. ಕಥೆಯೊಳಗಿನ ಸಂತೆಯಲ್ಲಿ ಒಂದು ಮಾತಾಡುವ ಲಾಟೀನು ಕೊಂಡು ತಂದಿದ್ದ. "ತಗಾ ಡಾಕ್ಟ್ರೇ. ಬೆಳಕೂ ಕೊಡ್ತದೆ, ಮಾತೂ ಆಡ್ತದೆ. ಒಂದಕ್ಕೆ ಎರಡು."

ಲಾಟೀನಿನ ಮಾತನ್ನು ತೃಪ್ತಿ ಆಡಿದಳು. ಅಯ್ಯೋ ರಂಗದೇವತೆಯೇ. ಎಣ್ಣೆ ಕಾಣದ ಬಾಗಿಲು. ಪ್ರತಿ ಮಾತಿನ ಕೊನೆಗೆ ನಗು ಬೇರೆ. ನಾನು ಬಳಪ ಮುರಿದೆ.

"ಬೇಡ ಗುತ್ಯಪ್ಪ," ಎಂದ ನಿರಂಜನ. "ನಂಗೆ ಇದಿದೆಯಲ್ಲ."

"ಮೂಗಿ ಕತ್ತಿ ಇಟ್ಕಂಡು ಎಂತ ಮಾಡ್ತೀಯ ಮಾರಾಯ?" ಎಂದವನು ಗೋಡೆಯ ಪಕ್ಕದಲ್ಲಿದ್ದ ನನ್ನನ್ನು ಕಂಡು ನಾಲಗೆ ಕಚ್ಚಿಕೊಂಡ.

"ಎಂತ ಮಾಡೋದೂ ಬೇಡ. ಜೊತೆಗಿರ್ಲಿ."

ಇವನಿಗೆ ಅಭಿನಯದ ಅ ಬಾರದು. ಮೂಕವಾದ ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಸನ್ನಿವೇಶ. ಒಂದು ನಿಟ್ಟುಸಿರು, ಒರೆಯ ಮೇಲೆ ನಡುಗುವ ಕೈ, ಒಂದು ಅರ್ಧ ತಿರುವು, ಇಷ್ಟಾದರೂ ಬೇಡವೇ? ಸುಮ್ಮನೆ ಕಟ್ಟಿಕೊಂಡು ಮಂಡಕ್ಕಿ ತಟ್ಟೆಯನ್ನು ನನ್ನ ಕಡೆ ಸರಿಸಿದ. ಲಾಟೀನನ್ನು ಒಲ್ಲೆನೆಂದದ್ದು ಮಾತ್ರ ಸರಿಯಾದ ಸಮಯಕ್ಕೆ ಬಂತು. ಯಾರಿಗಾದರೂ ಒಂದು ಮಾತು ಆಕಸ್ಮಿಕವಾಗಿ ಸರಿ ಬೀಳುತ್ತದೆ.

ಜನವರಿ ೨೩, ಗುರುವಾರ

ಶಿವಮೊಗ್ಗ. ಆ ಎಳಸು ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಗಾಯ ಚೆನ್ನಾಗಿ ಮಾಯ್ದಿದೆ ಎಂದ. ಇನ್ನು ಮಾತಾಡಬಹುದಂತೆ, ದಿನಕ್ಕೆ ಸ್ವಲ್ಪ ಸ್ವಲ್ಪ, ಮೆಲ್ಲಗೆ. ಕೂಗುವುದು ಮಾತ್ರ ಈ ಜನ್ಮಕ್ಕೆ ಸಾಕಂತೆ. ಕೂಗಿದರೆ ಇರುವುದೂ ಹೋಗುತ್ತದಂತೆ.

ತೃಪ್ತಿ ಹೊರಗೆ ಔಷಧಿ ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದೆ: "ಇನ್ನೂ ಮೌನ."

ಸುಳ್ಳಲ್ಲ. ನಿರ್ಧಾರ.

ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿ, ನಲ್ಲಿ ಜೋರಾಗಿ ತಿರುಗಿಸಿ, ರಾಜನ ಪ್ರವೇಶದ ಮಾತಿನ ಒಂದು ಸಾಲು ಹೇಳಿನೋಡಿದೆ. ಹೊರಬಂದದ್ದು ನನ್ನ ದನಿಯಲ್ಲ. ಯಾರೋ ಹೆಂಗಸು. ಲೋಟ ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಬಂದವಳ ಹಾಗೆ. ನೀರಿನ ಸದ್ದಿಗೆ ಅವಳು ಮುಳುಗಿಹೋದಳು. ನಲ್ಲಿ ಬಂದ್ ಮಾಡಿ ಮತ್ತೊಮ್ಮೆ ಹೇಳಿದೆ. ಅವಳೇ ಇದ್ದಳು, ಅಲ್ಲೇ ಇದ್ದಳು.

ಆ ಹೆಂಗಸನ್ನು ನಾನು ರಂಗಕ್ಕೆ ಬಿಡುವುದಿಲ್ಲ.

ಜನವರಿ ೨೬, ಭಾನುವಾರ

ಬೆಳಿಗ್ಗೆ ಶಾಲೆಯ ಮೈಕಿನಲ್ಲಿ ಧ್ವಜದ ಭಾಷಣ. ಮಾತಾಡಿದವನು ಮೈಕನ್ನು ನುಂಗುತ್ತಿದ್ದ. ಮಧ್ಯಾಹ್ನ ಇವರ ಆಟ.

ತೃಪ್ತಿ ವಾರವೆಲ್ಲ ಕೂತು ದಾರಿ ಹುಡುಕಿದ್ದಾಳೆ. ಪುಸ್ತಕದಲ್ಲಿ ಇಲ್ಲದ್ದನ್ನು ಮಾಸ್ಟರ್ ಹುಟ್ಟಿಸಬಹುದಂತೆ. ಬಳ್ಳಿಗಾವಿಯ ಕಂಬಗಳನ್ನು ಹಾಗೇ ಕದ್ದು ತನ್ನ ಕಥೆಯೊಳಗೆ ಒಂದು ಪಾಳುಗುಡಿ ಕಟ್ಟಿದ್ದಾಳೆ. ಗುಡಿಯ ಕೆಳಗೆ ಒಂದು ಕುಲುಮೆ. ಚಂಡಜಿಹ್ವೆ ಹುಟ್ಟಿದ್ದು ಅಲ್ಲೇ ಎನ್ನುತ್ತಾಳೆ.

"ಕತ್ತೀನ ಆ ಬೆಂಕಿಗೆ ಇಡ್ಬೇಕು," ಎಂದಳು. "ಅದು ಕೆಂಪಗಾಗೋವಾಗ, ಅದರ ಜೊತೆ ಓಡಾಡಿದೋರು ಅದು ಎಂಥದಿತ್ತು ಅಂತ ಬೆಂಕಿಗೆ ಹೇಳ್ಬೇಕು. ನೀವು ಹೇಳಿದ್ದು ಎಂಥದೋ ಅಂಥದೇ ವಾಪಸ್ ಬರ್ತದೆ. ಸುಳ್ಳು ಸೇರಿಸಿದ್ರೆ ಬೇರೆ ಯಾವುದೋ ಬಂದು ಕೂರ್ತದೆ."

"ದಾಳ ಹಾಕೋದಿಲ್ವಾ?" ಗುತ್ಯಪ್ಪ ಕೇಳಿದ.

"ಇಲ್ಲ. ಆದ್ರೆ ಕೊನೆಗೆ ಕತ್ತಿಗೂ ಬರೋ ಮನಸ್ಸಿರ್ಬೇಕು. ಅದು ಬಾಯಿ ಬಿಟ್ರೆ ಬಂತು. ಬಿಡಲಿಲ್ಲ ಅಂದ್ರೆ ಕುಲುಮೆ ಆರ್ತದೆ, ಆಮೇಲೆ ಯಾವತ್ತೂ ಇಲ್ಲ. ಒಂದೇ ಸಲ."

ಯಾರೂ ನನ್ನತ್ತ ನೋಡಲಿಲ್ಲ. ನೋಡದೆ ಇರುವ ಅಭಿನಯವೂ ಇವರಿಗೆ ಬಾರದು. ಮೂವರ ಕುತ್ತಿಗೆಯೂ ಕಡ್ಡಿಯ ಹಾಗೆ ನಿಂತಿತ್ತು. ನಾನು ಸ್ಲೇಟಿನ ತುಂಬ ಬರೆದು ಮೇಜಿನ ನಡುವೆ ಇಟ್ಟೆ: "ಚಂಡಜಿಹ್ವೆಯದು ವೀರಮರಣ. ಅದನ್ನು ಕೆಡಿಸಬೇಡಿ. ಬಿಟ್ಟುಬಿಡಿ."

ನಿರಂಜನ ಅದನ್ನು ಓದಿ, ತಟ್ಟೆಯಲ್ಲಿದ್ದ ಕಡಲೆಬೀಜ ಆರಿಸತೊಡಗಿದ. ಗುತ್ಯಪ್ಪ ತಲೆ ಕೆರೆದುಕೊಂಡ.

"ಅಮ್ಮೋರೆ, ಒಂದ್ಮಾತು ಹೇಳ್ತೀನಿ, ಬೈಬೇಡಿ. ಹೆಂಗೂ ಈಗ ಬೈಯಕ್ಕೆ ಬರಲ್ಲ ನಿಮಗೆ. ಅವತ್ತು ದಾಳದಲ್ಲಿ ಬಿದ್ದಿದ್ದು ಬರೀ ಬಿರುಕು. ಕತ್ತಿಗೊಂದು ಬಿರುಕು, ಅಷ್ಟೇಯ. ಸಾಯಿರಿ ಅಂತ ನಿಮಗೆ ಯಾರೂ ಹೇಳ್ಲೇ ಇಲ್ಲ."

ನಾನು ತೃಪ್ತಿಯತ್ತ ತಿರುಗಿದೆ.

"ಹೌದು ದೊಡ್ಡಮ್ಮ," ಎಂದಳು. "ಆದ್ರೆ ಅಷ್ಟು ಚೆನ್ನಾಗಿ ಸತ್ರಿ ನೀವು. ಇಲ್ಲ, ಬದುಕಿದೀರಿ, ಕೂತ್ಕೊಳ್ಳಿ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

ಬಿರುಕಂತೆ. ಕಲ್ಲುದೈತ್ಯನ ಗದೆ ಎದೆಗೆ ಬಡಿದು ಬಿರುಕು ಬಿಟ್ಟಿತು ಎಂದು ಯಾವ ನಾಟಕದಲ್ಲಾದರೂ ಉಂಟೇ? ಬಿರುಕು ಬಿಟ್ಟುಕೊಂಡು ಮುಂದಿನ ಅಂಕಕ್ಕೆ ಹೋಗುವುದು ಮಣ್ಣಿನ ಮಡಕೆ, ಪಿಂಗಾಣಿ ಬಟ್ಟಲು. ನಾಯಕ ಪಾತ್ರಕ್ಕೆ ಇರುವುದು ಎರಡೇ, ಜಯ ಇಲ್ಲವೇ ಮರಣ. ಆ ದಾಳಕ್ಕೆ ಇಪ್ಪತ್ತು ಮುಖವಿದ್ದು ಏನು ಬಂತು, ಒಂದಕ್ಕೂ ರಂಗಪ್ರಜ್ಞೆ ಇಲ್ಲ.

ಜನವರಿ ೨೭, ಸೋಮವಾರ

ಬಿರುಕು.

ಫೆಬ್ರವರಿ ೨, ಭಾನುವಾರ

ನಿರಂಜನನಿಗೆ ಈ ತಿಂಗಳು ಭಾನುವಾರವೂ ಕೆಲಸ. ಅದಕ್ಕೆ ಆಟ ಸೊರಬದಲ್ಲಿ, ಅವನ ಕ್ವಾರ್ಟರ್ಸಿನಲ್ಲಿ. ನಾನು ಹೋಗುವ ಅಗತ್ಯವಿರಲಿಲ್ಲ. ತೃಪ್ತಿ ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಸರಿಯಲ್ಲವೆಂದು ಹೋದೆ. ಅವಳು ದಿನವೂ ಬಸ್ ಸ್ಟ್ಯಾಂಡಿನಲ್ಲೇ ಕೆಲಸ ಮಾಡುವವಳು, ಅದು ಬೇರೆ ವಿಚಾರ.

ಆಟದಲ್ಲಿ ಪಾಳುಗುಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ನಿರಂಜನನಿಗೆ ಫೋನು. ಹೊಸಬಾಳೆಯ ತುಂಗಮ್ಮ ಎಂಬವಳ ಎಮ್ಮೆ, ಕರು ಅಡ್ಡ ಸಿಕ್ಕಿಕೊಂಡಿದೆ. ಗುತ್ಯಪ್ಪ ತಮ್ಮನ ಓಮ್ನಿ ವ್ಯಾನು ತಂದ. ನಾಲ್ವರೂ ಹೋದೆವು, ನಿರಂಜನ ಬಾಗಿಲಿಗೆ ಬೀಗ ಹಾಕಿ ನಮ್ಮನ್ನು ಎಲ್ಲಿ ಕೂರಿಸುತ್ತಾನೆ?

ಕೊಟ್ಟಿಗೆಯ ತುಂಬ ಜನ, ಒಬ್ಬೊಬ್ಬರದು ಒಂದೊಂದು ಕೂಗು. ಹಗ್ಗ ಎಳೆಯಿರಿ, ಬಾಲ ಹಿಡಿಯಿರಿ, ಎಣ್ಣೆ ತನ್ನಿರಿ. ಎಮ್ಮೆ ಕಣ್ಣು ಬಿಳಿ ಮಾಡಿಕೊಂಡು ಗೂಟ ಕೀಳುವ ಹಾಗೆ ಒದ್ದಾಡುತ್ತಿತ್ತು. ನನಗೆ ದನಿಯಿದ್ದಿದ್ದರೆ ಒಂದೇ ಗರ್ಜನೆಗೆ ಎಲ್ಲರನ್ನೂ ಹೊರಗೆ ಹಾಕುತ್ತಿದ್ದೆ. ನಿರಂಜನ ಒಬ್ಬೊಬ್ಬರ ಹತ್ತಿರ ಹೋಗಿ ಏನೋ ಅಂದ. ಅವನು ಏನಂದನೆಂದು ಕೇಳಿಸಿಕೊಳ್ಳಲಿಕ್ಕೇ ಅವರು ಬಾಯಿ ಮುಚ್ಚಬೇಕಾಯಿತು. ಮುಚ್ಚಿದವರು ಹೊರಗೆ ನಡೆದರು.

ಆಮೇಲೆ ಅವನು ಎಮ್ಮೆಯ ಕಿವಿಯ ಹತ್ತಿರ ಕೂತು ಮಾತಾಡತೊಡಗಿದ. ಬಾಗಿಲಲ್ಲಿ ನಿಂತ ನನಗೆ ಒಂದು ಪದ ಕೇಳಿಸಲಿಲ್ಲ. ಎಮ್ಮೆಯ ಕಿವಿ ಮಾತ್ರ ಅವನ ಕಡೆ ತಿರುಗಿತು, ಒಂದು, ಆಮೇಲೆ ಇನ್ನೊಂದು. ಒದ್ದಾಟ ನಿಂತಿತು. ಕರುವಿನ ಕಾಲು ಮಡಚಿಕೊಂಡಿತ್ತಂತೆ. ಭುಜದವರೆಗೆ ಕೈ ಇಳಿಸಿ ನೆಟ್ಟಗೆ ಮಾಡಿ ಎಳೆದ. ಒದ್ದೆ ಕರು ಹುಲ್ಲಿನ ಮೇಲೆ ಬಿದ್ದು ಸೀನಿತು. ಅವನು ಎಮ್ಮೆಯ ಹಣೆ ಸವರಿ ಕೇಳಿದ:

"ಪೆಟ್ಟಾಗ್ಲಿಲ್ಲ ತಾನೆ?"

ಆ ಮಾತು ಎಲ್ಲೋ ಕೇಳಿದ ಹಾಗಿದೆ. ಯಾವುದೋ ಕಳಪೆ ನಾಟಕದ್ದಿರಬೇಕು.

ತುಂಗಮ್ಮ ಎಲ್ಲರಿಗೂ ಕಾಫಿ ಕೊಟ್ಟು ನನ್ನ ಪಕ್ಕದಲ್ಲಿ ಕೂತಳು. "ನೀವು ಡಾಕ್ಟ್ರ ತಾಯೇನ್ರೀ?"

ಸ್ಲೇಟಿನಲ್ಲಿ ಬರೆದೆ: "ಅಲ್ಲ. ಕತ್ತಿ."

ತುಂಗಮ್ಮ ಅದನ್ನು ಎರಡು ಸಲ ಓದಿ ಕಾಫಿ ಲೋಟ ಎತ್ತಿಕೊಂಡು ಆಚೆ ಹೋಗಿ ಕೂತಳು.

ಅವನ ದನಿ ಎಮ್ಮೆಗೂ ಕೇಳಿಸದು ಎಂದು ಬರೆದಿದ್ದೆ. ಎಮ್ಮೆಗೆ ಕೇಳಿಸುತ್ತದೆ. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಎಮ್ಮೆಗೆ ಅಭಿರುಚಿ ಎಲ್ಲಿಂದ ಬರಬೇಕು.

ಫೆಬ್ರವರಿ ೫, ಬುಧವಾರ

ಬಚ್ಚಲಿಂದ ಹೊರಗೆ ಬಂದರೆ ತೃಪ್ತಿ ಬಾಗಿಲಲ್ಲೇ ನಿಂತಿದ್ದಳು, ಕೆಲಸಕ್ಕೆ ಹೊರಟವಳು.

"ದಿನಾ ನಲ್ಲಿ ಬಿಟ್ಕೊಂಡು ಮಾತಾಡ್ತೀರಲ್ಲ ದೊಡ್ಡಮ್ಮ, ಟ್ಯಾಂಕಿನಾಗೆ ನೀರೇ ಉಳಿತಿಲ್ಲ."

ಸ್ಲೇಟು ಒಳಗೆ ಉಳಿದಿತ್ತು. ಮುಖದಲ್ಲೇ ಕೋಪ ತೋರಿಸಿದೆ, ಹುಬ್ಬಿನಿಂದ ಶುರುಮಾಡಿ.

"ಡಾಕ್ಟ್ರು ಮಾತಾಡಿ ಅಂದಿದಾರೆ ಅಂತ ನಂಗೆ ಅವತ್ತೇ ಅನ್ನಿಸ್ತು. ಇರ್ಲಿ. ಯಾರಿಗೂ ಹೇಳಿಲ್ಲ ನಾನು." ಚಪ್ಪಲಿ ಹಾಕಿಕೊಂಡಳು. "ಈ ಭಾನುವಾರ ಕುಲುಮೆ. ಕತ್ತಿ ಸುಮ್ನಿದ್ರೆ ಸತ್ತಿತು ಅಂತಲೇ ಕಥೆ ಮುಂದುವರಿಸ್ತೀನಿ. ನಿಮಗಾಗಿ ಅಂತ ಸುಳ್ಳಾಡಲ್ಲ. ಮಾಸ್ಟರ್ ಆದೋಳು ಹಂಗೆ ಮಾಡಬಾರ್ದು ಅಂತ ನೀವೇ ಹೇಳಿದ್ದು."

ಹೌದು, ನಾನೇ ಹೇಳಿದ್ದು. ಈ ಮನೆಯಲ್ಲಿ ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಧೈರ್ಯದಿಂದ ಹೇಳಿದ್ದು.

ಸಂಜೆ ಅವಳ ಲಂಗದಾವಣಿಯ ಕಾಲದ ಒಂದು ಫೋಟೋ ಸಿಕ್ಕಿತು. ಒಳಗಿನ ಪರದೆಯ ಸಂದಿಯಿಂದ ನನ್ನ ನಾಟಕ ನೋಡುತ್ತಿದ್ದಾಳೆ. ನಾನು ಫೋಟೋದಲ್ಲಿಲ್ಲ. ತೆಗೆದವನಿಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ.

ಫೆಬ್ರವರಿ ೯, ಭಾನುವಾರ. ಸೊರಬದಿಂದ ಬಂದು ಬರೆದದ್ದು

ಹೋಗಬಾರದೆಂದಿದ್ದೆ. ಹೋದೆ. ನಿರಂಜನನ ಮನೆಯಲ್ಲೂ ಗೋಡೆಯ ಪಕ್ಕದ ಕುರ್ಚಿಯನ್ನೇ ಹಿಡಿದೆ. ಅವನು ಬೆಳಿಗ್ಗೆ ಯಾವುದೋ ಹೋರಿಯ ಹತ್ತಿರ ಹೋಗಿ ಬಂದಿದ್ದ. ಬಲಗೈಗೆ ಬೆರಳಿನವರೆಗೂ ಬಿಳಿ ಪಟ್ಟಿ. ದಾಳವನ್ನು ಎಡಗೈಯಲ್ಲಿ ಹಿಡಿದು ಆಡಿಸುತ್ತಿದ್ದ.

ತೃಪ್ತಿ ಕುಲುಮೆ ಹೊತ್ತಿಸಿದಳು. ಇವತ್ತು ಅವಳು ನೈಟಿಯಲ್ಲಿರಲಿಲ್ಲ; ಸೀರೆ ಉಟ್ಟಿದ್ದಳು. ಕತ್ತಿಯನ್ನು ಬೆಂಕಿಗಿಟ್ಟು, "ಹೇಳಿ," ಎಂದಳು.

ಮೊದಲು ಗುತ್ಯಪ್ಪ. "ಚಂಡಿ ಅಂದ್ರೆ ಬೈಗುಳ. ನನ್ನ ಒಂದಿನನೂ ಮಾಂತ್ರಿಕ ಅನ್ಲಿಲ್ಲ ಅದು, ಕಂಬ ಹತ್ತೋನು, ಕಂಬ ಹತ್ತೋನು ಅಂತಿತ್ತು. ಆದ್ರೆ ಅದು ಬೈದ ದಿನ ನನ್ನ ಮಂತ್ರ ಸರಿಯಾಗೇ ತಾಗ್ತಿತ್ತು. ಬೈಸ್ಕಳದೆ ಒಂದು ತಿಂಗಳಾಯ್ತು. ಮೊನ್ನೆ ಒಂದು ಇಲಿ ಹೊಡೆಯಕ್ಕೂ ಆಗ್ಲಿಲ್ಲ ನನ್ನ ಕೈಲಿ." ತಡೆದು ಸೇರಿಸಿದ: "ಸುಳ್ಳೇನಿಲ್ಲ ಇದರಲ್ಲಿ."

ಇರಲಿಲ್ಲ. ಕತ್ತಿ ಕೆಂಪಗಾಯಿತು ಎಂದಳು ತೃಪ್ತಿ.

ಆಮೇಲೆ ನಿರಂಜನ. ಇನ್ನು ಗುಡುಗು, ಸಿಡಿಲು, ಸಿಂಹಿಣಿ ಎಲ್ಲ ಬರುತ್ತದೆಂದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಬಂದರೆ ಒಳ್ಳೆಯದೇ. ಹಾಗೆ ಬಂದ ಕತ್ತಿಗೆ ದನಿ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಸುಮ್ಮನೆ ಕೂತು ಬೆಂಕಿ ಆರಲು ಬಿಡಬಹುದು.

"ದೊಡ್ಡ ದನಿ ಇತ್ತು ಅದಕ್ಕೆ. ಅದನ್ನ ಎಲ್ಲರೂ ಕೇಳಿದಾರೆ, ಬೆಂಕಿಗೂ ಗೊತ್ತಿರ್ತದೆ," ಎಂದ. "ನಾನು ಹೇಳೋದು ಬೇರೆ. ಯುದ್ಧ ಮುಗಿದ ಮೇಲೆ ಗುತ್ಯಪ್ಪ ಲೂಟಿ ಹಂಚ್ಕೊಳ್ಳೋಕೆ ಓಡ್ತಿದ್ದ. ಆವಾಗ ಅದು ಸಣ್ಣಕ್ಕೆ, ನಂಗೊಬ್ನಿಗೇ ಕೇಳೋ ಹಂಗೆ, ಪೆಟ್ಟಾಗ್ಲಿಲ್ಲ ತಾನೆ ಅಂತ ಕೇಳ್ತಿತ್ತು. ಪ್ರತಿ ಸಲ. ನಂಗೆ ಆ ಕತ್ತಿ ಅಂದ್ರೆ ಅದು. ಕೊಟ್ಟಿಗೇಲಿ ದನಗಳಿಗೂ ನಾನು ಅದನ್ನೇ ಹೇಳೋದು, ಅದರಿಂದ ಕಲ್ತಿದ್ದು. ಅಷ್ಟೇ."

ನಾನು ಬೆಚ್ಚಿಬಿದ್ದೆ. ಅದು ಪಾತ್ರದ ಮಾತೇ ಅಲ್ಲ. ಯುದ್ಧ ಮುಗಿದ ತಕ್ಷಣ ನಾನು ಮಂಡಕ್ಕಿಗೆ ಕೈ ಹಾಕುತ್ತಿದ್ದೆ. ಬಾಯಿ ತುಂಬಿದ್ದಾಗ ಗುಡುಗಲಾಗದೆ ಏನೋ ಒಂದು ಗೊಣಗುತ್ತಿದ್ದೆ. ವರ್ಷವೆಲ್ಲ ಸುರಿದ ಗರ್ಜನೆಯನ್ನು ಬಿಟ್ಟು ಈ ಎಮ್ಮೆ ಡಾಕ್ಟರು ಎತ್ತಿಟ್ಟುಕೊಂಡದ್ದು ಮಂಡಕ್ಕಿಯ ನಡುವಿನ ಆ ಗೊಣಗನ್ನು. ಇಂಥ ಪ್ರೇಕ್ಷಕರನ್ನು ಕಟ್ಟಿಕೊಂಡು ಯಾವ ಕಂಪನಿ ಬದುಕೀತು?

ತಿದ್ದಲೇಬೇಕೆಂದು ಸ್ಲೇಟು ಎತ್ತಿದೆ. ತೃಪ್ತಿ ಎದ್ದು ಬಂದು ಅದರ ಮೇಲೆ ಕೈಯಿಟ್ಟಳು.

"ಕುಲುಮೆಯೊಳಗಿನ ಕತ್ತಿಗೆ ಬರೆಯೋಕೆ ಬರಲ್ಲ ದೊಡ್ಡಮ್ಮ."

ವಾಪಸ್ ಹೋಗಿ ಕೂತಳು. "ಬೆಂಕಿ ಇಳಿತಾ ಬಂತು. ಕೆಂಪು ಹೋಗಿ ಬೂದಿ ಬಣ್ಣ ಆಗ್ತಿದೆ. ಗುಡಿಯೊಳಗೆ ಸದ್ದಿಲ್ಲ. ಕತ್ತಿ..." ಎಂದು ನಿಲ್ಲಿಸಿದಳು. ನಿಲ್ಲಿಸಬೇಕಾದ ಕಡೆಯೇ ನಿಲ್ಲಿಸಿದಳು. ಅದನ್ನು ಅವಳಿಗೆ ಯಾರು ಕಲಿಸಿದರೋ.

ಮೂವರೂ ಮೇಜಿನ ನಡುವಿನ ಖಾಲಿ ಜಾಗ ನೋಡುತ್ತಿದ್ದರು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ನಿರಂಜನ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟಿದ್ದ. ಬಟ್ಟೆಯ ಅಂಚಿನಲ್ಲಿ ರಕ್ತ ಒಸರಿತ್ತು. ಇವನಿಗೆ ಗಾಯ ಮರೆಮಾಡಲೂ ಬಾರದು, ತೋರಿಸಲೂ ಬಾರದು.

"ಪೆಟ್ಟಾಗ್ಲಿಲ್ಲ ತಾನೆ?" ಎಂದೆ.

ಅವಳೇ. ಹೆಪ್ಪು ಕೇಳಲು ಬಂದ ಹೆಂಗಸು.

ನಿರಂಜನ ಕೈ ಹಿಂದಕ್ಕೆ ಎಳೆದುಕೊಂಡ. "ಇಲ್ಲ," ಎಂದ. ಆಮೇಲೆ, "ಸ್ವಲ್ಪ ಆಗಿದೆ."

ಗುತ್ಯಪ್ಪ ಎದ್ದು ಹೋಗಿ ಫ್ಯಾನು ಆರಿಸಿದ. ಲೈನ್‌ಮನ್ ಅಲ್ಲವೇ, ಅಷ್ಟು ಮಂತ್ರ ಬರುತ್ತದೆ. ವಾಪಸ್ ಬಂದವನು ಕುರ್ಚಿಯನ್ನು ಎತ್ತಿ ನನ್ನ ಗೋಡೆಯ ಹತ್ತಿರವೇ ತಂದು ಹಾಕಿಕೊಂಡ.

"ಫ್ಯಾನಿನ ಗಲಾಟೇಲಿ ಅರ್ಧ ಹೋತು ಅಮ್ಮೋರೆ," ಎಂದ. "ವನ್ಸ್ ಮೋರ್."

ತೃಪ್ತಿಯೂ ಕುರ್ಚಿ ಎಳೆದುಕೊಂಡಳು. ನಿರಂಜನನೂ. ಮೇಜು ಬರಿದಾಗಿ ಆಚೆ ಉಳಿಯಿತು, ಮಂಡಕ್ಕಿ ತಟ್ಟೆ ಸಮೇತ. ನನ್ನ ಮೊಣಕಾಲಿಗೆ ಅವರ ಮೊಣಕಾಲು ತಾಗುತ್ತಿತ್ತು. ಇಷ್ಟು ಹತ್ತಿರ ಕೂತವರ ಮುಂದೆ ನಾನು ಜನ್ಮದಲ್ಲಿ ಪಾತ್ರ ಮಾಡಿಲ್ಲ. ಇವರಿಗೆ ಪ್ರೇಕ್ಷಕರಾಗಿ ಕೂರುವ ರೀತಿಯೂ ಗೊತ್ತಿಲ್ಲ.

ಆದರೆ ನಮ್ಮ ರಂಗದಲ್ಲಿ ಆ ಕೂಗಿಗೆ ಏಳದ ಹೆಣವಿಲ್ಲ.

ಮತ್ತೆ ಹೇಳಿದೆ, ಈ ಸಲ ಇನ್ನೂ ಮೆಲ್ಲಗೆ. ಹಿಂದಿನ ಸಾಲಿನವರಿಗೆ ಕೇಳಿಸಬೇಕಾದರೆ ಅವರೇ ಮುಂದೆ ಬಂದು ಕೂರಲಿ.